ಶರಣಸತಿಯ ನಿಷ್ಠೆಯೂ ಶಿಲುಬೆಯ ನಿಷ್ಠೆಯೂ



ಈ ಉಪನ್ಯಾಸದತ್ತಿಯನ್ನು ಸ್ಥಾಪಿಸಿದ ಪುಣ್ಯಾತ್ಮರು, ಉಪನ್ಯಾಸಕನು ಯಾವ ಮತದವನಾದರೂ ಆಗಲಿ, ವಿಷಯವು ಮಾತ್ರ ಧರ್ಮಸಂಬಂಧವಾಗಿರತಕ್ಕದ್ದೆಂಬ ಒಂದೇ ನಿಬಂಧನೆಯನ್ನು ವಿಧಿಸಿರುವುದರಿಂದ, ಎಡೆಯೂರ ಸಿದ್ಧಲಿಂಗೇಶ್ವರರ ಗದ್ದುಗೆಯಿರುವ ಈ ಕುಣಿಗಲು ಸೀಮೆಯಲ್ಲಿ ನಿಂತು ಕ್ರೈಸ್ತಧರ್ಮವನ್ನು ಕುರಿತು ಮಾತನಾಡುವುದಕ್ಕೆ ನನಗೆ ಧೈರ್ಯವುಂಟಾಗಿದೆ. ತನ್ನ ಪ್ರಭುವಿನ ಮೂಲಕವಲ್ಲದೆ ಮನುಷ್ಯನಿಗೆ ರಕ್ಷಣೆಯಿಲ್ಲವೆಂದು ಎರಡು ಸಾವಿರ ವರ್ಷಗಳಿಂದ ಸಾರುತ್ತ ಬಂದ ಧರ್ಮವು, ಅನೇಕ ಧರ್ಮಗಳು ಸರಿಸಮವಾದ ಗೌರವದಿಂದ ಬಾಳುವ ಲೋಕವನ್ನು, ಅನಿವಾರ್ಯವೆಂದು ಹಲ್ಲುಕಚ್ಚಿ ಸಹಿಸಿಕೊಳ್ಳುವುದು ಹಾಗಿರಲಿ, ತನ್ನ ಶ್ರದ್ಧೆಯ ಒಳಗಿನಿಂದಲೇ ಒಪ್ಪಿಕೊಳ್ಳಬಲ್ಲುದೆ ಎಂಬುದು ಇಂದಿನ ಪ್ರಶ್ನೆ. ನಾನು ಕ್ರೈಸ್ತನಲ್ಲ; ಲಿಂಗವಂತರ ಮನೆಯಲ್ಲಿ ಹುಟ್ಟಿದವನು. ಆದಕಾರಣ ಕ್ರೈಸ್ತರನ್ನು ಕುರಿತು ನಾನು ಕೇಳುವ ಪ್ರಶ್ನೆಯು ಹಾದಿಯಲ್ಲಿ ಒಂದು ತಿರುವು ತೆಗೆದುಕೊಂಡು ನನ್ನ ಮನೆಯ ಬಾಗಿಲಿಗೇ ಬಂದು ನಿಂತರೆ ತಾವು ಆಶ್ಚರ್ಯಪಡಬಾರದು.

ಈ ಪ್ರಶ್ನೆಗೆ ನಮ್ಮ ಸಭೆಗಳಲ್ಲಿ ಸಿದ್ಧವಾಗಿಯೇ ದೊರೆಯುವ ಉತ್ತರವೊಂದುಂಟು: ನದಿಗಳು ಹಲವು, ಸಮುದ್ರವೊಂದೇ. ಕೇಳಲು ಹಿತವಾದ ಈ ಉಪಮಾನವನ್ನು ಅಲ್ಲಗಳೆಯುವ ಮನಸ್ಸು ಯಾರಿಗೂ ಬಾರದು. ಆದರೆ ವಯಸ್ಸಾಗುತ್ತ ಬಂದಂತೆ ನನಗೆ ಅದರಲ್ಲಿ ಒಂದು ಬಗೆಯ ಅವಿನಯವು ಅಡಗಿರುವಂತೆ ತೋರುತ್ತದೆ. ಎಲ್ಲ ನದಿಗಳೂ ಒಂದೇ ಕಡಲನ್ನು ಸೇರುವುದನ್ನು ಕಾಣಬೇಕಾದರೆ ಕಾಣುವವನು ಎಲ್ಲ ನದಿಗಳಿಗಿಂತಲೂ ಎತ್ತರದಲ್ಲಿ ನಿಂತಿರಬೇಕಷ್ಟೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಶಿಂಷೆಯ ದಡದಲ್ಲಿ ಬಾಳುವವನಿಗೆ ಗೊತ್ತಿರುವುದಾದರೋ ತನ್ನ ಹೊಳೆಯ ನೀರಿನ ರುಚಿ, ಅದರ ಮಡುವು, ಬೇಸಿಗೆಯಲ್ಲಿ ಅದು ಬತ್ತುವ ಬಗೆ. ಕಡಲಿನ ಉಪ್ಪುನೀರಿನ ವಾರ್ತೆಯಿಂದ ಅವನ ಬಾಯಾರಿಕೆ ತೀರದು. ನಿನ್ನ ಕ್ರಿಸ್ತನೂ ನಮ್ಮ ಕೃಷ್ಣನೂ ಒಂದೇ ಎಂದು ಕ್ರೈಸ್ತನಿಗೆ ಹೇಳಿಬಿಟ್ಟಾಗ ನಾವು ಅವನನ್ನು ಗೌರವಿಸಿದೆವೆಂದು ಭಾವಿಸುತ್ತೇವೆ. ಅವನು ಹೇಳುತ್ತಿರುವುದನ್ನು ಕೇಳುವ ಶ್ರಮದಿಂದ ತಪ್ಪಿಸಿಕೊಂಡಿರುತ್ತೇವೆ.

ಬಹುಧರ್ಮಗಳು ಒಂದೆಡೆ ಬಾಳುವ ವಿಷಯದಲ್ಲಿ ನಮ್ಮ ಹಿರಿಯರು ಇದಕ್ಕಿಂತ ಖಚಿತವಾದ ಭಾಷೆಯನ್ನಾಡಬಲ್ಲವರಾಗಿದ್ದರು. ನಮ್ಮ ನೆರೆಯ ಮಾಗಡಿ ಸೀಮೆಯ ಕಲ್ಯದಲ್ಲಿ 1368ನೆಯ ಇಸವಿಯ ಒಂದು ಶಿಲಾಶಾಸನವಿದೆ. ಅದೇ ಒಪ್ಪಂದದ ಪ್ರಸಿದ್ಧವಾದ ಪ್ರತಿಯು ಶ್ರವಣಬೆಳಗೊಳದಲ್ಲಿದೆ. ವಿಜಯನಗರದ ಬುಕ್ಕರಾಯನ ಮುಂದೆ ಜೈನರು ಬಂದು, ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಬಿನ್ನವಿಸಿಕೊಂಡಾಗ, ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಪಂಚಮಹಾವಾದ್ಯಗಳೂ ಕಲಶವೂ ಜೈನದರ್ಶನಕ್ಕೆ ಹಿಂದಿನಂತೆಯೇ ಸಲ್ಲತಕ್ಕವೆಂದೂ, ಜೈನರ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ಹಾನಿವೃದ್ಧಿಗಳೆಂದೇ ಬಗೆಯತಕ್ಕದ್ದೆಂದೂ ಕಟ್ಟುಮಾಡಿದನು. ಅಷ್ಟಕ್ಕೇ ನಿಲ್ಲದೆ, ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣದಂತೆ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನೆಂಬ ವೈಷ್ಣವನಿಗೇ ಒಪ್ಪಿಸಲಾಯಿತು. ಉಭಯದರ್ಶನಗಳಿಗೂ ಭೇದವಿಲ್ಲವೆಂಬ ಮಾತು ಆ ಶಾಸನದಲ್ಲಿ ಬರುವುದು ನಿಜ. ಆದರೆ ಆ ಅಭೇದವನ್ನು ಶಾಸನವು ವಿವರಿಸುವುದು ವಾದ್ಯದಿಂದ, ಕಲಶದಿಂದ, ಕಾವಲಿನಿಂದ, ಸುಣ್ಣದಿಂದ. ಜಗತ್ಕರ್ತನಾದ ಈಶ್ವರನೇ ಇಲ್ಲವೆನ್ನುವ ದರ್ಶನಕ್ಕೂ ನಾರಾಯಣನೇ ಪರತತ್ತ್ವವೆನ್ನುವ ದರ್ಶನಕ್ಕೂ ನಡುವಣ ವಿವಾದವನ್ನು ಅರಸನು ತೀರಿಸಹೋಗಲಿಲ್ಲ, ಯಾರಿಗೂ ತಮ್ಮ ಸಿದ್ಧಾಂತವನ್ನು ಒಂದು ಎಳೆಯಷ್ಟೂ ಸಡಿಲಿಸೆಂದು ಹೇಳಲಿಲ್ಲ. ಈ ಕಲ್ಲನ್ನು ನಾನು ಮೊದಲೇ ನಿಮ್ಮ ಮುಂದಿಟ್ಟದ್ದಕ್ಕೆ ಕಾರಣವಿದೆ. ಕಡೆಗೆ ಇದರಲ್ಲಿ ಒಂದು ಕೊರತೆಯನ್ನೂ ತೋರಿಸಬೇಕಾಗಿದೆ.

ಕ್ರೈಸ್ತಧರ್ಮವು ಈ ನಾಡಿಗೆ ಬಂದಾಗ ಅದರ ಬಾಯಲ್ಲಿದ್ದದ್ದು ಇಂಥ ಒಪ್ಪಂದದ ಭಾಷೆಯಲ್ಲ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಠಾಣ್ಯವು ನೆಲೆಗೊಂಡದ್ದು 1837ರ ಸುಮಾರಿನಲ್ಲಿ, ಥಾಮಸ್ ಹಾಡ್ಸನ್ನರಿಂದ. ಎರಡು ವರ್ಷಗಳ ತರುವಾಯ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಎಂಬ ಐರ್ಲೆಂಡಿನ ತರುಣರು, ಆರೋಗ್ಯ ಕೆಟ್ಟು 1841ರಲ್ಲಿ ತಾಯ್ನಾಡಿಗೆ ಮರಳಿದರೂ, ಮೈಸೂರು ಸೀಮೆಯ ತಮ್ಮ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸಂತೆಯ ಗದ್ದಲದಲ್ಲಿ, ಜಾತ್ರೆಯ ಧೂಳಿನಲ್ಲಿ ನಿಂತು, ಕಲಿತಷ್ಟು ಕನ್ನಡದಲ್ಲಿ ವಿಗ್ರಹಾರಾಧನೆಯನ್ನು ಖಂಡಿಸಿದ ಈ ಮಹಾಶಯರನ್ನು ಬರಿಯ ಪರಮತದ್ವೇಷಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ನೆರೆಯವನ ಮನೆ ಹೊತ್ತಿ ಉರಿಯುತ್ತಿದೆಯೆಂದು ಪ್ರಾಮಾಣಿಕವಾಗಿ ನಂಬಿದವನು ಬಾಗಿಲು ಬಡಿಯದೆ ಇರಲಾರನು. ಕಷ್ಟವಿರುವುದು ಮನೆ ಉರಿಯುತ್ತಿದೆಯೆಂಬ ಆ ನಂಬಿಕೆಯಲ್ಲಿಯೇ.

ಆ ನಂಬಿಕೆಗೆ ಆಧಾರವಾಗಿ ಅವರು ತೋರಿಸುವುದು, ಯೇಸುವಿನ ಮೂಲಕವಲ್ಲದೆ ರಕ್ಷಣೆಯಿಲ್ಲವೆಂದು ಸಾರುವ ಯೋಹಾನನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯವನ್ನು ಮತ್ತು ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯವನ್ನು. ಸಭೆಯ ಹೊರಗೆ ರಕ್ಷಣೆಯಿಲ್ಲವೆಂಬ ಪ್ರಸಿದ್ಧ ಸೂತ್ರವು ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಸಿಪ್ರಿಯನನು ಸಭೆಯಿಂದ ಒಡೆದುಹೋದ ಕ್ರೈಸ್ತರನ್ನೇ ಉದ್ದೇಶಿಸಿ ಆಡಿದ ಮಾತು. ಅದು ಅನ್ಯಧರ್ಮೀಯರೆಲ್ಲರ ಮೇಲೆ ಕವಿದ ಕಬ್ಬಿಣದ ಮುಚ್ಚಳವಾದದ್ದು ಬಹುಕಾಲದ ಮೇಲೆ, 1442ರ ಫ್ಲಾರೆನ್ಸ್ ಮಹಾಸಭೆಯ ವೇಳೆಗೆ. ಆದರೆ ಅದೇ ಬೈಬಲಿನಲ್ಲಿ, ತನ್ನವರೆಲ್ಲರಿಗಿಂತ ಹೆಚ್ಚಿನ ನಂಬಿಕೆಯನ್ನು ರೋಮಿನ ಶತಾಧಿಪತಿಯೊಬ್ಬನಲ್ಲಿ ಕಂಡು ಯೇಸು ಬೆರಗಾದ ಪ್ರಸಂಗವೂ ಇದೆ. ನೆರೆಯವನು ಯಾರೆಂಬುದಕ್ಕೆ ಅವನು ಉದಾಹರಣೆಯಾಗಿ ಆಯ್ದುಕೊಂಡದ್ದು, ಕೇಳುತ್ತಿದ್ದವರು ಮತಭ್ರಷ್ಟನೆಂದು ತಿರಸ್ಕರಿಸುತ್ತಿದ್ದ ಸಮಾರ್ಯದವನನ್ನು. ಗ್ರಂಥವು ಒಂದೇ ಬಾಯಿಂದ ಮಾತನಾಡುವುದಿಲ್ಲವೆಂಬುದು ವೇದಕ್ಕೆ ಹೇಗೋ ಬೈಬಲಿಗೂ ಹಾಗೆಯೇ ಸಲ್ಲುತ್ತದೆ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಸಿದ್ಧಾಂತವು ಹೊಸ್ತಿಲ ಹೊರಗೇ ನಿಂತು ತಕರಾರು ಮಾಡುತ್ತಿದ್ದಾಗ, ಭಾಷೆಯು ಸದ್ದಿಲ್ಲದೆ ಒಳಕ್ಕೆ ಬಂದು ಕುಳಿತುಬಿಟ್ಟಿತ್ತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಸಂನ್ಯಾಸಿಯಂತೆ ಬಾಳಿ ಕನ್ನಡದಲ್ಲಿ ವ್ಯಾಕರಣವನ್ನೂ ಧರ್ಮಬೋಧೆಯನ್ನೂ ಬರೆದರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಸಮಗ್ರ ಬೈಬಲನ್ನು 1831ರ ಹೊತ್ತಿಗೆ ಕನ್ನಡಕ್ಕೆ ತಂದರು. ಇವರೂ ಇವರ ಹಿಂದೆ ಬಂದವರೂ ಮುಟ್ಟಿದ ಒಂದೊಂದು ಪವಿತ್ರಪದವೂ ಆಗಲೇ ಬೇರೊಬ್ಬರ ಪೂಜಾಗೃಹದಲ್ಲಿ ಸವೆದು ಹೊಳಪೇರಿದ್ದಿತು. ಕ್ರೈಸ್ತನಾಗುವವನಿಗೆ ಕೊಡುವ ಸಂಸ್ಕಾರವು ದೀಕ್ಷಾಸ್ನಾನ. ದೀಕ್ಷೆಯೆಂಬುದು ಶೈವರ ಮಾತು, ಜೈನರ ಮಾತು. ಕಥೋಲಿಕರ ಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿಯು ಪರಮಪ್ರಸಾದ. ಪ್ರಸಾದವು ನಮ್ಮ ಅಷ್ಟಾವರಣಗಳಲ್ಲಿ ಒಂದು. ಅವರ ಉಪವಾಸದ ನಲವತ್ತು ದಿನಗಳು ತಪಸ್ಸುಕಾಲ. ಆ ಕಾಲವು ಮೊದಲಾಗುವ ದಿನ, ಹಣೆಗೆ ಬೂದಿಯಿಡುವ ಬುಧವಾರವು, ವಿಭೂತಿ ಬುಧವಾರ. ಸುರಿಯಾನಿ ಭಾಷೆಯ ಮೂಲದಿಂದ ದಕ್ಷಿಣ ದೇಶಗಳಲ್ಲಿ ನುಸುಳಿ ಬಂದ ಶಿಲುಬೆಯೆಂಬ ಮಾತೊಂದನ್ನು ಬಿಟ್ಟರೆ, ಕನ್ನಡ ಕ್ರೈಸ್ತನು ದೇವರ ಮುಂದೆ ಮೊಳಕಾಲೂರಿದಾಗ ಆಡುವ ಮಾತುಗಳಲ್ಲಿ ಹೆಚ್ಚಿನವು ಶೈವ, ವೈಷ್ಣವ, ಜೈನರು ತಲೆಮಾರುಗಳಿಂದ ಆಡಿ ಪಳಗಿಸಿದವು. ತನ್ನ ದೇವರು ಅನ್ಯಾದೃಶನೆಂದು ಸಾರಹೊರಟವನಿಗೆ ಆ ಸಾರುವಿಕೆಗೇ ನೆರೆಯವನಿಂದ ಮಾತನ್ನು ಕಡ ತರಬೇಕಾಯಿತು; ತಂದ ಮೇಲೆ, ಆ ಮಾತನ್ನು ಇಷ್ಟು ಕಾಲ ನುಡಿದ ನೆರೆಯವನು ಏನನ್ನೂ ಕಾಣದೆಯೇ ನುಡಿದನೆಂದು ಹೇಳುವುದು ಹೇಗೆ? ಪಂಡಿತರು ಈ ಪ್ರಶ್ನೆಯನ್ನು ಎತ್ತುವುದಕ್ಕೆ ನೂರು ವರ್ಷ ಹಿಡಿಯಿತು.

ಈಗ ನನ್ನ ಮನೆಯ ಬಾಗಿಲಿಗೆ ಬರುತ್ತೇನೆ. ಏಕದೇವನಿಷ್ಠೆಯು ಪಶ್ಚಿಮದಿಂದ ಬಂದ ಸರಕು, ಭಾರತೀಯ ಮನಸ್ಸಿಗೆ ಒಗ್ಗದ್ದು ಎಂದು ಹೇಳುವವರು ಹನ್ನೆರಡನೆಯ ಶತಮಾನದ ಶರಣರನ್ನು ಓದಿದವರಲ್ಲ. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಪರದೈವವೆಂಬುದು ಪರಪುರುಷನಿಗೆ ಸಮಾನ; ಇಷ್ಟಲಿಂಗವನ್ನು ಧರಿಸಿ ಅನ್ಯದೈವಕ್ಕೆ ಕೈಮುಗಿಯುವವನನ್ನು ವಚನಕಾರರು ಹಳಿದಷ್ಟು ಕಟುವಾಗಿ ಗುಬ್ಬಿಯ ಪಾದ್ರಿಗಳೂ ಹಳಿದಿರಲಾರರು. ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತು ತೋಂಟದ ಸಿದ್ಧಲಿಂಗರೆನಿಸಿಕೊಂಡ ನಮ್ಮ ಗುರುಗಳ ಪರಂಪರೆಯೂ ಈ ನಿಷ್ಠೆಯದೇ. ನನ್ನ ಅಜ್ಜಿಯು ಲಿಂಗಪೂಜೆಯಾಗದೆ ನೀರು ಮುಟ್ಟದವರು. ಅನ್ಯದೇವರ ಗುಡಿಯ ತೀರ್ಥವನ್ನಂತೂ ಸ್ವೀಕರಿಸಿದವರೇ ಅಲ್ಲ. ಆದರೆ ಮೊಹರಂ ಬಂದಾಗ ನೆರೆಮನೆಯವರ ಕೈಯಲ್ಲಿ ಬಾಬಯ್ಯನಿಗೆ ಓದಿಸಲು ಸಕ್ಕರೆಯನ್ನು ಕಟ್ಟಿಕೊಡುವರು; ಓದಿಸಿ ತಂದ ಸಕ್ಕರೆಯನ್ನು ಮಕ್ಕಳಾದ ನಮಗೆ ಹಂಚುವರು; ತಾವು ಮಾತ್ರ ಒಂದು ಹರಳನ್ನೂ ಬಾಯಿಗೆ ಹಾಕಿಕೊಳ್ಳರು. ಧರ್ಮಗಳ ನಡುವಣ ಸಂಬಂಧವನ್ನು ಕುರಿತು ಬರೆಯುವ ಪಾಶ್ಚಾತ್ಯ ವಿದ್ವಾಂಸರು 1983ರಲ್ಲಿ ಅಲನ್ ರೇಸ್ ಎಂಬವರು ಮಾಡಿದ ಒಂದು ವಿಂಗಡಣೆಯನ್ನು ಅನುಸರಿಸಿ, ಶ್ರದ್ಧಾವಂತರನ್ನು ಮೂರು ಕೊಠಡಿಗಳಲ್ಲಿ ಕೂಡಿಹಾಕುವುದುಂಟು: ತನ್ನದೊಂದೇ ಸತ್ಯವೆನ್ನುವವರು, ಅನ್ಯರ ಸತ್ಯವೂ ತನ್ನದರಲ್ಲಿ ಅಡಕವೆನ್ನುವವರು, ಎಲ್ಲವೂ ಸರಿಸಮವೆನ್ನುವವರು. ಅಜ್ಜಿಯನ್ನು ಯಾವ ಕೊಠಡಿಗೆ ಕಳುಹಿಸಬೇಕೋ ನನಗೆ ತಿಳಿಯದು.

ಪತಿವ್ರತೆಯ ಉಪಮೆಯು ಇಲ್ಲಿ ನಮಗೆ ಬಹಳ ಉಪಕಾರ ಮಾಡುತ್ತದೆ. ತನ್ನ ಗಂಡನಂಥ ಗಂಡನು ಲೋಕದಲ್ಲಿಲ್ಲವೆಂದು ಸತಿಯು ಹೇಳಿದರೆ ಊರಿನ ಮಿಕ್ಕ ಗಂಡಸರು ಯಾರೂ ಮಾನನಷ್ಟದ ದಾವೆ ಹೂಡುವುದಿಲ್ಲ. ಏಕೆಂದರೆ ಅದು ನಿಷ್ಠೆಯ ನುಡಿ, ಜನಗಣತಿಯ ವರದಿಯಲ್ಲ. ಆದಿಕ್ರೈಸ್ತರು, ರೋಮಿನ ಚಕ್ರಾಧಿಪತ್ಯದ ನಡುವೆ ಮುಷ್ಟಿಯಷ್ಟು ಮಂದಿ, ಯೇಸುವಲ್ಲದೆ ನಮಗೆ ಪ್ರಭುವಿಲ್ಲವೆಂದಾಗ ಅವರು ಆಡಿದ್ದು ಸತಿಯ ಮಾತು. ಅದೇ ಚಕ್ರಾಧಿಪತ್ಯವು ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತವಾಗಿ ಆ ಮಾತನ್ನೇ ಉಚ್ಚರಿಸತೊಡಗಿದಾಗ ಅದು ತೀರ್ಪುಗಾರನ ಮಾತಾಗಿ ಪರಿಣಮಿಸಿತು. ಅಕ್ಷರಗಳು ಬದಲಾಗಲಿಲ್ಲ, ಆಡುವವನ ಆಸನವು ಬದಲಾಯಿತು. ನಾನು ಕಂಡದ್ದು ಇದು, ಇದನ್ನು ಬಿಟ್ಟು ಬಾಳಲಾರೆ ಎಂಬ ಸಾಕ್ಷಿಯನ್ನು ಕ್ರೈಸ್ತನು ನುಡಿಯುವವರೆಗೆ ಅವನಿಗೂ ಬಹುತ್ವಕ್ಕೂ ವಿರೋಧವಿಲ್ಲ. ನೀನು ಕಂಡದ್ದು ಏನೂ ಅಲ್ಲವೆಂದು ತೀರ್ಪು ಕೊಡಹೊರಟೊಡನೆ ಅವನು ತನ್ನ ದೇವರ ಪೀಠವನ್ನೇ ಏರಿ ಕುಳಿತಂತೆ. ಆ ಪೀಠವನ್ನು ಏರಬಾರದೆಂದು ಅವನ ಗ್ರಂಥವೇ ಅವನಿಗೆ ವಿಧಿಸಿದೆ. ಸಮನ್ವಯವು ಸಾಧ್ಯವೆಂದು ನಾನು ನಂಬುವುದು ಈ ಎಡೆಯಲ್ಲಿ.

ಇದು ಕೇವಲ ತರ್ಕದ ಸಮಾಧಾನವಲ್ಲ. ಹೀಗೆ ಬಾಳಿದವರು ನಮ್ಮ ಭಾಷೆಯಲ್ಲಿಯೇ ಇದ್ದಾರೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ, 1962ರವರೆಗೆ ಬಾಳಿದರು. ಜನರ ನಾಲಗೆಯ ಮೇಲೆ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಊರೂರು ತಿರುಗಿ, ಓಲೆಗರಿ ಕೈಬರಹಗಳನ್ನು ಬೇಡಿ ತಂದು, 1924ರಲ್ಲಿ ಗ್ರಂಥರೂಪವಾಗಿ ಕನ್ನಡಕ್ಕೆ ಕೊಟ್ಟವರು ಈ ಕ್ರೈಸ್ತ ಗುರುಗಳು. ತಮ್ಮನ್ನು ತಿರುಳ್ಗನ್ನಡದ ತಿರುಕನೆಂದು ಅವರು ಕರೆದುಕೊಂಡುದು ಬರಿಯ ಅಲಂಕಾರವಾಗಿರಲಿಲ್ಲ. ಅನುಭವಮಂಟಪವೆಂಬುದು ನಿಜವಾಗಿ ಇದ್ದಿತೇ ಎಂದು ವಿದ್ವಾಂಸರಲ್ಲಿ ಕೆಲವರು ಸಂಶಯಪಟ್ಟಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಒಂದು ಪುಸ್ತಕವನ್ನೇ ಬರೆದವರು ಇವರು. ಶಿವಶರಣರ ಸಭೆಯ ಪರವಾಗಿ ಶಿಲುಬೆಯ ಸೇವಕನು ವಕಾಲತ್ತು ವಹಿಸಿದ ಈ ದೃಶ್ಯವನ್ನು ನೆನೆದಾಗಲೆಲ್ಲ, ಲಿಂಗವಂತನಾದ ನಾನು ಬೈಬಲಿಗಾಗಿ ಇದರ ಶತಾಂಶದಷ್ಟಾದರೂ ಬೆವರು ಸುರಿಸಿದ್ದೇನೆಯೆ ಎಂಬ ನಾಚಿಕೆ ನನ್ನನ್ನು ಮುತ್ತುತ್ತದೆ. 1949ರಲ್ಲಿ ಕಲಬುರ್ಗಿಯ ಸಾಹಿತ್ಯಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಇಷ್ಟಾಗಿಯೂ ಅವರು ಕ್ರಿಸ್ತನನ್ನು ಬಿಟ್ಟುಕೊಟ್ಟವರಲ್ಲ. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬುದು ಅವರ ಒಂದು ಕೃತಿಯ ಹೆಸರು. ಬೆತ್ಲೆಹೇಮಿನಿಂದ ಬನಾರಸಕ್ಕೆ ಬಂದದ್ದು ಆಜ್ಞೆಯಾಗಿರಲಿಲ್ಲ, ವಿನಂತಿಯಾಗಿತ್ತು. ಆ ಒಂದು ಪದದ ಆಯ್ಕೆಯಲ್ಲಿ ಆರ್ಥರರ ಕಾಲಕ್ಕೂ ಉತ್ತಂಗಿಯವರ ಕಾಲಕ್ಕೂ ನಡುವಣ ದೂರವು ಅಳೆಯುವಂತಿದೆ.

ಉತ್ತಂಗಿಯವರು ಬಾಳಿ ತೋರಿಸಿದ್ದನ್ನು ಶಾಸ್ತ್ರವಾಗಿ ಕಟ್ಟುವ ಕೆಲಸವು ಇನ್ನೊಬ್ಬ ಕನ್ನಡಿಗರ ಪಾಲಿಗೆ ಬಂದಿತು. ಸ್ಟ್ಯಾನ್ಲಿ ಸಮರ್ಥರು ಹುಟ್ಟಿದ್ದು 1920ರಲ್ಲಿ, ಕಾರ್ಕಳದಲ್ಲಿ. 1432ರಲ್ಲಿ ಪ್ರತಿಷ್ಠಿತನಾದ ಗೊಮ್ಮಟನು ಬಂಡೆಯ ಮೇಲಿನಿಂದ ಊರನ್ನೆಲ್ಲ ನೋಡುತ್ತಿರುವ, ವೆಂಕಟರಮಣನ ಗುಡಿಯೂ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯೂ ಸುತ್ತಣ ಸೀಮೆಯ ಸಕಲಜಾತಿಯ ಜನರನ್ನು ಸೆಳೆಯುವ ಆ ಊರಿನಲ್ಲಿ ಬೆಳೆದ ಬಾಲಕನಿಗೆ, ಅನ್ಯಧರ್ಮವೆಂಬುದು ಗ್ರಂಥದಲ್ಲಿ ಓದಿ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅಧ್ಯಾಪಕರೂ ಪ್ರಿನ್ಸಿಪಾಲರೂ ಆಗಿದ್ದ ಅವರು, 1971ರಲ್ಲಿ ಜಿನೀವಾದ ಜಾಗತಿಕ ಸಭಾಮಂಡಲಿಯು ಅನ್ಯಧರ್ಮೀಯರೊಡನೆ ಸಂವಾದಕ್ಕಾಗಿ ಪ್ರತ್ಯೇಕ ಶಾಖೆಯೊಂದನ್ನು ತೆರೆದಾಗ ಅದರ ಪ್ರಥಮ ನಿರ್ದೇಶಕರಾದರು. ಇದಕ್ಕೆ ಆರು ವರ್ಷಗಳ ಹಿಂದೆ, 1965ರ ಅಕ್ಟೋಬರ್ 28ರಂದು, ರೋಮಿನ ಎರಡನೆಯ ವ್ಯಾಟಿಕನ್ ಮಹಾಸಭೆಯು ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ತಾನು ನಿರಾಕರಿಸುವುದಿಲ್ಲವೆಂದು ಘೋಷಿಸಿದ್ದಿತು. ಕಬ್ಬಿಣದ ಮುಚ್ಚಳವು ಸರಿದದ್ದು ಅಂದು. ಸಮರ್ಥರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಕ್ರಿಸ್ತನೊಬ್ಬನು, ಧರ್ಮಗಳು ಹಲವು ಎಂಬರ್ಥದ ಶೀರ್ಷಿಕೆಯ ಅವರ ಗ್ರಂಥವು 1991ರಲ್ಲಿ ಹೊರಬಂದಿತು. ಪರಮಾತ್ಮನೆಂಬ ರಹಸ್ಯವು ಕ್ರಿಸ್ತನಲ್ಲಿ ತನಗೆ ಪ್ರಕಟವಾಯಿತೆಂದು ಕ್ರೈಸ್ತನು ಹೃತ್ಪೂರ್ವಕವಾಗಿ ಹೇಳಬಹುದು, ಆದರೆ ಆ ರಹಸ್ಯವು ಕ್ರಿಸ್ತನಲ್ಲಿಯೇ ಮುಗಿದುಹೋಯಿತೆಂದು ಹೇಳಲು ಅವನಿಗೆ ಅಧಿಕಾರವಿಲ್ಲವೆಂಬುದು ಅವರ ನಿಲುವಿನ ತಿರುಳು.

ಆ ಗ್ರಂಥದ ಒಂದು ಉಪಮೆಯನ್ನು ಈ ಸಭೆಯಲ್ಲಿ ಹೇಳದಿದ್ದರೆ ನನಗೆ ತೃಪ್ತಿಯಾಗದು. ಕ್ರಿಸ್ತತತ್ತ್ವವನ್ನು ಮೇಲಿನಿಂದ, ದೇವತ್ವದಿಂದ ಆರಂಭಿಸಿ ಬೋಧಿಸುವುದು ಹೆಲಿಕಾಪ್ಟರಿನಂತೆ: ಇಳಿಯುವಾಗ ಅದು ಎಬ್ಬಿಸುವ ಸದ್ದಿನಲ್ಲಿ, ಧೂಳಿನಲ್ಲಿ, ಬಂದವರು ಯಾರೆಂಬುದೇ ನೆಲದ ಮೇಲಿನವರಿಗೆ ಕೇಳಿಸದು, ಕಾಣಿಸದು. ನಜರೇತಿನ ಮನುಷ್ಯನಿಂದ ಆರಂಭಿಸುವುದು ಎತ್ತಿನ ಗಾಡಿಯಂತೆ: ಗಾಲಿಯು ನೆಲವನ್ನು ಮುಟ್ಟಿಯೇ ಸಾಗಬೇಕು. ಜಿನೀವಾದಲ್ಲಿ ಹತ್ತು ವರ್ಷ ಕುಳಿತುಬಂದ ವಿದ್ವಾಂಸರಿಗೆ ಕಡೆಗೆ ಒದಗಿಬಂದದ್ದು ನಮ್ಮ ಊರಿನ ಗಾಡಿ.

ಇವರಿಗೆ ಪ್ರತಿವಾದಿಗಳು ಇಲ್ಲದಿರಲಿಲ್ಲ. ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕಾಗಿ 1957ರಲ್ಲಿ ಪಿ. ಡಿ. ದೇವಾನಂದನ್ನರ ನೇತೃತ್ವದಲ್ಲಿ ಆರಂಭವಾದ ಕ್ರೈಸ್ತ ಸಂಸ್ಥೆಯ ಎಂ. ಎಂ. ಥಾಮಸರು, ಸಂವಾದವನ್ನು ಸಮರ್ಥರಷ್ಟೇ ಉತ್ಸಾಹದಿಂದ ಬಯಸಿದವರಾದರೂ, ಕ್ರಿಸ್ತನನ್ನು ಕೇಂದ್ರದಿಂದ ಕದಲಿಸಲು ಒಪ್ಪಲಿಲ್ಲ. ರೋಮಿನ ಸಭೆಯೂ 2000ದಲ್ಲಿ ಹೊರಡಿಸಿದ ಪ್ರಕಟಣೆಯೊಂದರಲ್ಲಿ, ಎಲ್ಲ ಧರ್ಮಗಳೂ ರಕ್ಷಣೆಗೆ ಸಮಾನವಾದ ಹಾದಿಗಳೆಂಬ ವಾದವನ್ನು ತಿರಸ್ಕರಿಸಿತು. ಈ ವಿವಾದವು ಇತ್ಯರ್ಥವಾಗದಿರುವುದು ಕ್ರೈಸ್ತರ ಸೋಲೆಂದು ನಾನು ಭಾವಿಸುವುದಿಲ್ಲ. ನಮ್ಮ ತುಮಕೂರಿಗೆ ಸಮೀಪದ ಗೂಳೂರಿನ ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ ಶೂನ್ಯಸಂಪಾದನೆಯನ್ನು ನೋಡಿರಿ. ಅಲ್ಲಿ ಅಲ್ಲಮನು ಸಿದ್ಧರಾಮನನ್ನು ಹೊಗಳುವುದಕ್ಕೆ ಸೊನ್ನಲಿಗೆಗೆ ಹೋಗುವುದಿಲ್ಲ; ಕೆರೆ ಕಟ್ಟೆಗಳ ಪುಣ್ಯದಲ್ಲಿ ಮೈಮರೆತಿದ್ದವನನ್ನು ಕೆಣಕಿ, ಕಲ್ಲೇಟು ತಿಂದು, ಅವನನ್ನು ಕಲ್ಯಾಣಕ್ಕೆ ಕರೆದುತರುತ್ತಾನೆ. ಅಕ್ಕಮಹಾದೇವಿಯನ್ನು ಮಂಟಪದ ಬಾಗಿಲಲ್ಲಿ ತಡೆದು ಕೇಳಿದ ಪ್ರಶ್ನೆಗಳಲ್ಲಿ ಸೌಜನ್ಯವು ಎಳ್ಳಷ್ಟೂ ಇಲ್ಲ. ಸಂವಾದವೆಂದರೆ ವೇದಿಕೆಯ ಮೇಲೆ ಮೂವರು ಧರ್ಮಗುರುಗಳು ಶಾಲು ಹೊದೆದು ಪರಸ್ಪರ ಹಾರ ಹಾಕಿಕೊಳ್ಳುವುದೆಂದು ತಿಳಿದಿರುವ ನಮ್ಮ ಕಾಲದವರು ಆ ಗ್ರಂಥದ ನಾಲ್ಕು ಪುಟಗಳನ್ನಾದರೂ ಓದುವುದು ಮೇಲು.

ಕಲ್ಯದ ಕಲ್ಲಿನಲ್ಲಿ ಒಂದು ಕೊರತೆಯಿದೆಯೆಂದೆನಲ್ಲವೆ. ಜೈನರು ಜೈನರಾಗಿಯೂ ವೈಷ್ಣವರು ವೈಷ್ಣವರಾಗಿಯೂ ಉಳಿದುಕೊಂಡು ಒಬ್ಬರನ್ನೊಬ್ಬರು ಕಾಯುವುದಕ್ಕೆ ಅದು ವಿಧಿಸುತ್ತದೆ. ಒಂದು ಮನೆಯಿಂದ ಹೊರಟು ಇನ್ನೊಂದು ಮನೆಗೆ ಹೋಗುವವನ ವಿಷಯದಲ್ಲಿ ಅದು ಏನನ್ನೂ ಹೇಳದು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸರ್ವಧರ್ಮಸಮಭಾವವೂ ಪ್ರಾಯಶಃ ಅಲ್ಲಿಗೇ ನಿಲ್ಲುತ್ತದೆ: ಎಲ್ಲರೂ ಅವರವರು ಹುಟ್ಟಿದಲ್ಲಿಯೇ ಇರುವವರೆಗೆ. ಹಾಡ್ಸನ್ನರು 1877ರಲ್ಲಿ, ಗುಬ್ಬಿಯ ಪ್ರಾಂತದಲ್ಲಿ ಕ್ರೈಸ್ತನಾದ ದಾನಿಯೇಲನೆಂಬ ವೃದ್ಧನ ಜೀವನವನ್ನು ಒಂದು ಪುಸ್ತಕವಾಗಿ ಬರೆದರು. ಅದು ಇಂಗ್ಲಿಷಿನಲ್ಲಿ, ಮಿಷನ್ನಿನ ಅಭಿಮಾನಿಗಳಿಗಾಗಿ ಬರೆದದ್ದು. ಅದರಲ್ಲಿ ಮಿಷನರಿಯ ಕಣ್ಣಿದೆ, ಮಿಷನರಿಯ ಸಂತೋಷವಿದೆ. ಆದರೂ ಆ ಮುದುಕನು ನಮ್ಮ ಸೀಮೆಯವನು. ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಒಬ್ಬೊಬ್ಬ ವ್ಯಕ್ತಿಗೂ ಕೊಟ್ಟಿದೆ. ಕಲ್ಯದ ಕಲ್ಲು ಸಮುದಾಯಕ್ಕೆ ಕೊಟ್ಟದ್ದನ್ನು ಇದು ಆ ಮುದುಕನಂಥವನ ಕೈಗೆ ಕೊಡುತ್ತದೆ. ಕ್ರೈಸ್ತನನ್ನು, ನೀನು ನಮ್ಮ ಬಹುತ್ವವನ್ನು ಒಪ್ಪುವೆಯಾ ಎಂದು ಕೇಳುವ ನಾವು, ದಾನಿಯೇಲನನ್ನು ಒಪ್ಪಿಕೊಂಡೆವೆಯೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ.

ಲಿಂಗವಂತರಿಗಾದರೂ ಇದು ಕಷ್ಟವಾಗಬಾರದು. ಏಕೆಂದರೆ ಕಲ್ಯಾಣದಲ್ಲಿ ನೆರೆದವರೆಲ್ಲ ಬಿಟ್ಟುಬಂದವರೇ. ಜನಿವಾರವನ್ನು ಬಿಟ್ಟುಬಂದವನು ಬಸವಣ್ಣ. ಕಾಶ್ಮೀರದ ಸಿಂಹಾಸನವನ್ನು ಬಿಟ್ಟುಬಂದು ಕಟ್ಟಿಗೆ ಹೊತ್ತವನು, ಸಂಪ್ರದಾಯವು ಹೇಳುವಂತೆ, ಮೋಳಿಗೆಯ ಮಾರಯ್ಯ. ಆ ಮಾರಯ್ಯನ ವಚನಗಳನ್ನು ಬೆಳಕಿಗೆ ತರಲು ದುಡಿದವರಲ್ಲಿ ಉತ್ತಂಗಿಯವರೂ ಒಬ್ಬರು. ಅವರೆಲ್ಲರ ತಂದೆತಾಯಿಗಳು ಅಂದು ಅತ್ತಿರಬೇಕು. ಮೊಹರಮ್ಮಿಗೆ ಸಕ್ಕರೆ ಕಟ್ಟಿಕೊಡುತ್ತಿದ್ದ ನನ್ನ ಅಜ್ಜಿಯ ಮಕ್ಕಳಲ್ಲಿ ಒಬ್ಬನು, ಒಂದು ದಿನ ಬೆಳಗ್ಗೆ ಕೊರಳಿನ ಲಿಂಗವನ್ನು ತೆಗೆದು ಅವರ ಕೈಯಲ್ಲಿಟ್ಟು, ನಾನು ಗುಬ್ಬಿಯ ಸಭೆಗೆ ಹೋಗಿ ದೀಕ್ಷಾಸ್ನಾನ ಮಾಡಿಸಿಕೊಂಡು ಬರುತ್ತೇನಮ್ಮಾ ಎಂದಿದ್ದರೆ ಅವರು ಏನು ಮಾಡುತ್ತಿದ್ದರೋ, ಸಂಜೆ ಅವನು ಮರಳಿ ಬಂದಾಗ ಅಡುಗೆಮನೆಯೊಳಗೆ ಕೂಡಿಸಿ ಬಡಿಸುತ್ತಿದ್ದರೋ, ಎಲೆಯನ್ನು ಹೊರಜಗಲಿಯ ಮೇಲೆ ಹಾಕುತ್ತಿದ್ದರೋ, ನಾನು ಬಲ್ಲೆನೆಂದು ತಮ್ಮ ಮುಂದೆ ಹೇಳಲಾರೆ.